ಕೆಮ್ಮು ತೆಗೆದ ಹಂತಿ ಪದ

ಕುಬಿಹಾಳದ ಹನಮವ್ವ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಿದ್ದುಂಟೇ ಹೊರತು ಬಾಯಿಬಿಟ್ಟು ಕರೆದವಳಲ್ಲ. ಆತ ಸತ್ತ ಮೇಲೂ ಇಲ್ಲ. ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತ ಆತ ಹಂತಿ ಪದ ಎತ್ತಿದರೆ, ಜೋಳ ಕೇರುವ ಇವಳ ಮೊರ ತಾನಾಗಿ ತಾಳ ಹಿಡಿಯುತ್ತಿತ್ತು. ಮಷೀನು ಬಂತು, ಕಣ ಹೋಯಿತು. ಪದ ಮಾತ್ರ ಆತನ ಬಾಯಲ್ಲಿ ಉಳಿದಿತ್ತು.

ಬಾಜೂ ಮನೆಯ ಮುಬಶಿರಾ ಊರಿನ ಹಾಡುಗಳಿಗೆಂದು ತನ್ನ ಕಂಪ್ಯೂಟರಿನಲ್ಲಿ ಹಾಡಿಗೊಂದು ಪುಟದ ವಿಕಿ ಕಟ್ಟಿದಾಗ ಮೊದಲು ಆತನಿಂದಲೇ ಹಾಡಿಸಿ ಹಾಕಿದ್ದು ಆ ಪದವನ್ನೇ. ಕೇಳಿ ಹನಮವ್ವನಿಗೆ ನಾಚಿಕೆಯಾಗಿತ್ತು.

"ನಡುವ ಕೆಮ್ಮ್ಯಾರ, ಮಾತಾಡ್ಯಾರ. ಅದಷ್ಟೂ ತಗದ ಹಾಕ ಬೇ. ಮಂದಿ ಏನಂದಾರು?"

ಮುಬಶಿರಾ ಕತ್ತರಿಸಿ, ಅದೇ ಪುಟಕ್ಕೆ ಮತ್ತೆ ಹಾಕಿದ್ದಳು.

ಆತ ಹೋದ. ಮರುವರ್ಷ ಸಿಡಿಲಿಗೆ ಕಂಪ್ಯೂಟರೂ ಕೆಟ್ಟಿತು. ರಿಪೇರಿಯಾಗಿ ಬಂದಾಗ ಪುಟಗಳಿರಲಿಲ್ಲ, ಹಾಡುಗಳಷ್ಟೇ ಉಳಿದಿದ್ದವು. ಹನಮವ್ವ ಹೋಗಿ ಕೂತಳು. ಆ ದನಿಯನ್ನು ಇನ್ನೊಮ್ಮೆ ಕೇಳಬೇಕಿತ್ತು. ಬೇರೆಲ್ಲೂ ಅದು ಇರಲಿಲ್ಲ.

"ಅಜ್ಜನ ಹೆಸರ ಹೇಳ್ರಿ ಅಜ್ಜಿ, ಹುಡಕೂಣು," ಮುಬಶಿರಾ ಚೇಷ್ಟೆ ಮಾಡಿದಳು.

"ಸತ್ರೂ ಹೇಳಂಗಿಲ್ಲ, ಹೋಗ ಬೇ."

"ಹೇಳಿದ್ರೂ ಸಿಗೂದಿಲ್ಲ ಬಿಡ್ರಿ. ಇಲ್ಲೆ ಹೊಳೆಪ್ಪಜ್ಜ ಅಂತ ಹೆಸರ ಇಟ್ಟಿಲ್ಲ." ತೆರೆಯ ತುಂಬ ಅಕ್ಷರ, ಅಂಕಿ ಕಲೆಸಿದ ಉದ್ದುದ್ದ ಹೆಸರುಗಳು. "ಒಳಗಿನ ದನೀನ ಲೆಕ್ಕಾ ಹಾಕಿ ಮಷೀನ ಹೆಸರ ಇಡತೈತ್ರಿ. ಒಂದ ಕೆಮ್ಮ ತಗದ್ರ ಹೆಸರ ಬ್ಯಾರೆ. ಯಾವ ಹೆಸರ ಯಾರ ಹಾಡಿಂದು ಅನ್ನೂದು ಪುಟದಾಗಿತ್ತು, ಅದ ಹೋತು. ಒಂದೊಂದ ಕೇಳಬೇಕು. ಮುನ್ನೂರ ಅದಾವ."

"ಕೇಳೂಣು. ನನಗೇನ ಎಮ್ಮಿ ಹಿಂಡೂದೈತೇನು?"

ಮೂರನೆಯ ದಿನ ಸಿಕ್ಕಿತು. ಎಲ್ಲೂ ತಡೆಯದೆ, ನುಣ್ಣಗೆ ಹರಿಯುವ ಪದ. ಹನಮವ್ವ ತಲೆಯಲ್ಲಾಡಿಸಿದಳು.

"ಇವರು ಅವರಲ್ಲ ಬೇ. ಕೆಮ್ಮ ಇಲ್ಲ. ನಾನ ತಗಸಿದ್ದು. ಹಳೇದನ್ನ ಅಳಿಸಿದ್ಯೇನು?"

"ಇಲ್ಲಜ್ಜಿ. ವಿಕಿ ಹಳೇದನ್ನ ಒಗಿಯಂಗಿಲ್ರಿ. ಬ್ಯಾರೆ ಹೆಸರಿನ್ಯಾಗ ಇಲ್ಲೇ ಎಲ್ಲೋ ಐತಿ."

ಐದನೆಯ ದಿನ ಅದೂ ಸಿಕ್ಕಿತು. ಪದದ ನಡುವೆ ಕೆಮ್ಮು. ಆಮೇಲೆ ಆತನ ದನಿ: "ಹನಮೀ, ಒಂದ ಗುಟುಕ ನೀರ ಕೊಡ." ಬೆನ್ನಿಗೇ ಅವಳದೇ ದನಿ, ಗಡುಸಾಗಿ: "ಮದಲ ಪದಾ ಮುಗಸ್ರಿ, ರೆಕಾರ್ಡ ಆಗಾಕತ್ತೈತಿ." ಆತ ಗಂಟಲು ಸರಿಮಾಡಿಕೊಂಡು ಕೊನೆಯವರೆಗೂ ಹಾಡಿದ.

ತಾನು ಹಾಗೆಂದದ್ದು ಹನಮವ್ವನಿಗೆ ಮರೆತೇ ಹೋಗಿತ್ತು.

"ಇದಕ್ಕ ಅಜ್ಜನ ಹೆಸರ ಬರೀಲೇನ್ರಿ?"

ಹನಮವ್ವ ಎದ್ದು ಮನೆಗೆ ಹೋದಳು. ತಂಬಿಗೆ ತುಂಬ ನೀರು ತಂದು ಕಂಪ್ಯೂಟರಿನ ಮುಂದಿಟ್ಟಳು.

"ಇನ್ನೊಮ್ಮಿ ಹಚ್ಚ ಯವ್ವಾ. ಅವರು ನೀರ ಕೇಳೂತನಕ ಅಷ್ಟ."