ಟ್ಯಾಂಕಿನ ಅಲಾರಂ ಮತ್ತು ಅವ್ವನ ವಿಭೂತಿ

ಕಳೆದ ಭಾನುವಾರ ನಮ್ಮ ಮನೆಯ ನೀರಿನ ಟ್ಯಾಂಕು ಖಾಲಿ ಇದ್ದಾಗಲೇ ‘ತುಂಬಿತು’ ಎಂದು ಕೂಗಿಕೊಂಡಿತು. ಕೂಗುವುದನ್ನು ಕಲಿಸಿದವನು ನಾನು. ಸುಳ್ಳು ಹೇಳಿಸಿದವಳು ನಮ್ಮ ಅವ್ವ.

ಕಾರ್ಖಾನೆಗಳ ನಡುವಿನ ಪೀಣ್ಯದ ನಮ್ಮ ಮನೆಯ ಟ್ಯಾಂಕು ಎರಡು ಮಹಡಿ ದಾಟಿ ತಾರಸಿಯಲ್ಲಿದೆ. ಮೋಟಾರು ಹಾಕಿದಾಗಲೆಲ್ಲ ಅವ್ವ ಮಂಡಿ ಹಿಡಿದುಕೊಂಡು ಹತ್ತುತ್ತಾಳೆ, ತುಂಬಿತೇ ಎಂದು ನೋಡಲು. ಹೋದ ತಿಂಗಳು ಮೆಟ್ಟಿಲಲ್ಲಿ ಜಾರಿ, ಹೇಗೋ ಸಾವರಿಸಿಕೊಂಡಳು.

ಸುಮ್ಮನಿರಲಾದೀತೇ? ಒಂದು ಮೈಕ್ರೋಕಂಟ್ರೋಲರ್ ಬೋರ್ಡ್ ತಂದೆ. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ಕಂಪ್ಯೂಟರಿನಿಂದ ನಾಲ್ಕು ಸಾಲು ಪ್ರೋಗ್ರಾಂ ತುಂಬಿದರೆ ಹೇಳಿದಂತೆ ಕೇಳುತ್ತದೆ. (ಮನೆಯಲ್ಲಿ ಹಾಗೆ ಕೇಳುವುದು ಅದೊಂದೇ.) ಮೊದಲ ಪಾಠ, ಪುಟ್ಟ ಎಲ್‌ಇಡಿ ಮಿಣುಕಿಸುವುದು. ಮಿಣುಕಿದಾಗ ಹೆಂಡತಿಯನ್ನು ಕರೆದು ತೋರಿಸಿದೆ.

“ಇಷ್ಟಕ್ಕೆ ಮೂರು ದಿನಾನಾ?” ಎಂದಳು.

ಆ ಖುಷಿ ಮಿಣುಕಿಸಿದವರಿಗೇ ಗೊತ್ತು ಬಿಡಿ.

ಮುಂದಿನದು ಸರಳ. ಬೋರ್ಡಿನಿಂದ ಎರಡು ವೈರು ಟ್ಯಾಂಕಿನ ಕಂಠದವರೆಗೆ. ನೀರು ಎರಡನ್ನೂ ಮುಟ್ಟಿದರೆ ಅಡುಗೆಮನೆಯಲ್ಲಿಟ್ಟ ಬೋರ್ಡಿನ ಬಜರ್ ಕೂಗಬೇಕು.

ಭಾನುವಾರ ಉದ್ಘಾಟನೆ. ಸ್ನಾನ ಮುಗಿಸಿ ಬಂದು ಬೋರ್ಡಿನ ಸ್ವಿಚ್ ಹಾಕಿದೆ. ಮೋಟಾರು ಶುರುವಾಗುವ ಮೊದಲೇ ಬಜರ್ ಕಿರುಚಿತು!

“ತಾಳು, ನೋಡ್ಕಂಡು ಬರ್ತೀನಿ” ಎಂದು ಅವ್ವ ಹತ್ತಿಯೇಬಿಟ್ಟಳು. ಮೇಲಿನಿಂದ ಕೂಗು: “ಒಂದು ತೊಟ್ಟು ನೀರಿಲ್ಲ ಕಣೋ!”

ಬೋರ್ಡ್ ನೋಡಿದೆ. ವೈರು ಬಿಗಿದ ಸ್ಕ್ರೂಗಳ ಮೇಲೆ ಅಡ್ಡಡ್ಡ ಮೂರು ಬೆರಳು ಹಸಿ ವಿಭೂತಿ. ಆ ತೇವವನ್ನೇ ಅದು ಟ್ಯಾಂಕಿನ ನೀರೆಂದುಕೊಂಡಿತ್ತು.

“ಹೊಸ ಮಿಷಿನ್ನು. ಬರೀ ಹಣೇಲಿ ಶುರು ಮಾಡ್ತಾರೇನೋ?” ಕೆಳಗಿಳಿದ ಅವ್ವ ನನ್ನನ್ನೇ ಗದರಿದಳು. ಸರಿಯೇ. ಪೂಜೆಯಿಲ್ಲದೆ ಲೇತ್ ತಿರುಗದ ಪೀಣ್ಯದಲ್ಲಿ ಬೋರ್ಡನ್ನು ಮುಚ್ಚಳವಿಲ್ಲದೆ ಬಿಟ್ಟ ತಪ್ಪು ನನ್ನದೇ.

ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿದೆ. (ವಿಭೂತಿ ಈಗ ಡಬ್ಬಿಯ ಮೇಲಿದೆ.) ಸಂಜೆ ಟ್ಯಾಂಕು ತುಂಬಿದಾಗ ಬಜರ್ ಸರಿಯಾಗಿ ಕೂಗಿತು. ಮೋಟಾರು ಆಫ್ ಮಾಡಿ ಹೆಮ್ಮೆಯಿಂದ ತಿರುಗಿದರೆ ಅವ್ವ ಇಲ್ಲ!

ತಾರಸಿಗೆ ಓಡಿದೆ. ಮೋಟುಗೋಡೆಗೆ ಒರಗಿ, ಪಕ್ಕದ ತಾರಸಿಯ ಪುಟ್ಟಮ್ಮನ ಜೊತೆ ಹರಟೆ ಹೊಡೆಯುತ್ತಿದ್ದಳು.

“ಅವ್ವಾ, ನೀನು ಹತ್ತಬಾರದು ಅಂತ ತಾನೇ ಅದನ್ನ ಮಾಡಿದ್ದು?”

“ನೀರು ನೋಡೋ ನೆಪ ಇಲ್ದಿದ್ರೆ ಇವಳ ಮುಖ ನೋಡೋದು ಯಾವಾಗಪ್ಪಾ?”

ನಗು ಬಂತು. ಇಷ್ಟು ವರ್ಷ ಇದು ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಮರುದಿನ ಹಿಂದಿನ ಬೀದಿಯ ವೆಲ್ಡಿಂಗ್ ಶಾಪಿನವರು ಬಂದು, ಅರ್ಧ ದಿನದಲ್ಲಿ ಮೆಟ್ಟಿಲುದ್ದಕ್ಕೂ ಹಿಡಿದುಕೊಳ್ಳಲು ಕಂಬಿ ಕೂರಿಸಿ ಹೋದರು.

ಅವ್ವನಿಗೆ ಬೇಕಿದ್ದದ್ದು ಕಂಬಿ. ಬಜರ್ ಬೇಕಿದ್ದದ್ದು ಯಾರಿಗೆ ಸ್ವಾಮಿ?