ಹಿಂದಕ್ಕೇ ಹೋಗುವ ರೈಲು

ನಮ್ಮ ಮನೆಯ ಹಜಾರದಲ್ಲಿ ಊಟಕ್ಕೆ ಚಾಪೆ ಹಾಸುವ ಮೊದಲು ರೈಲುಕಂಬಿ ಎತ್ತಿಡುವ ಪದ್ಧತಿ ಕೆಲವು ಕಾಲ ಇತ್ತು ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ನಾವೂ ನಗುತ್ತಲೇ ಇದ್ದೆವು. "ರೀ, ಕಂಬಿ ಎತ್ರೀ, ಅನ್ನ ಬಸಿದಾಯ್ತು" ಎಂದು ನನ್ನ ಹೆಂಡತಿ ಸುಶೀಲ ಅಡುಗೆಮನೆಯಿಂದ ಕೂಗುವಳು. ನಾನು ನಿಲ್ದಾಣದ ಸಕಲ ಅಧಿಕಾರಿಗಳ ಗಾಂಭೀರ್ಯವನ್ನೂ ಒಬ್ಬನೇ ಹೊತ್ತವನಂತೆ ಮೊಣಕಾಲೂರಿ, ಮೊಳದುದ್ದದ ತಗಡಿನ ಕಂಬಿಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಾಗಮಂಗಲಕ್ಕೆ ರೈಲಿರಲಿಲ್ಲ. ರೈಲು ಬೇಕಾದವರು ಪಾಂಡವಪುರಕ್ಕೋ ಶ್ರೀರಂಗಪಟ್ಟಣಕ್ಕೋ ಬಸ್ಸು ಹತ್ತಬೇಕಿತ್ತು. ಹಾಗಾಗಿ ನಮ್ಮೂರಿಗೆ ಬಂದ ಮೊದಲ ರೈಲು ನಮ್ಮ ಹಜಾರಕ್ಕೇ ಬಂತು ಎಂದು ನಾನು ಹೇಳಿಕೊಂಡರೆ ಅದರಲ್ಲಿ ಜಂಭವಿದೆಯೇ ಹೊರತು ಸುಳ್ಳಿಲ್ಲ.

ನಾನು ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸುವ ಮೇಷ್ಟ್ರು. ಆಟಿಕೆಯ ರೈಲಿನ ಹುಚ್ಚು ಯಾವಾಗ ಹತ್ತಿತೆಂದು ಕೇಳಿದರೆ ಉತ್ತರವಿಲ್ಲ. ಕೆಲವರಿಗೆ ಎಲೆಯಡಿಕೆ ಹತ್ತುತ್ತದೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಮೈಸೂರಿನ ಬಸ್ಸು ಹತ್ತಿ, ಅಲ್ಲಿ ಆಗಷ್ಟೇ ಹುಟ್ಟಿಕೊಂಡಿದ್ದ ಸೈಬರ್ ಸೆಂಟರೊಂದರಲ್ಲಿ ಗಂಟೆಯ ಬಾಡಿಗೆಗೆ ಕೂತು, ಕಂಪ್ಯೂಟರಿನಲ್ಲಿ ನಡೆಯುವ ಹರಾಜನ್ನು ನೋಡುವುದು ನನ್ನ ವಾರದ ಹಬ್ಬವಾಗಿತ್ತು. ಮಾರುವವರು ಎಲ್ಲೋ ಕೂತು ವಸ್ತುವಿನ ಚಿತ್ರ, ವಿವರಣೆ ಹಾಕುತ್ತಿದ್ದರು. ಬೇಕಾದವರು ಕೂಗುವ ಬದಲು ಕೀಲಿ ಒತ್ತಿ ಬೆಲೆ ಏರಿಸುತ್ತಿದ್ದರು. ವಾರದ ಕೊನೆಗೆ ಯಾರ ಮಾತು ಮೇಲಿತ್ತೋ ಅವರು ಬ್ಯಾಂಕಿನ ಡ್ರಾಫ್ಟು ಕಳಿಸಿದರೆ ವಸ್ತು ಅಂಚೆಯಲ್ಲಿ ಬರುತ್ತಿತ್ತು. ಚಿತ್ರ ಒಮ್ಮೆಲೇ ತೆರೆಯುತ್ತಿರಲಿಲ್ಲ. ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಹೊಗೆಕೊಳವೆ, ಆಮೇಲೆ ಕಪ್ಪು ಬೆನ್ನು, ಕಟ್ಟಕಡೆಗೆ ಚಕ್ರ. ಹಾಗೆ ಕಾಯಿಸಿ ಕಾಯಿಸಿ ತೋರುವ ದರ್ಶನಕ್ಕೆ ಒಂದು ರುಚಿಯಿತ್ತು, ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ನಂಬಿಕೆಯ ಮಾತಿಗೆ ಬಂದರೆ ನಮ್ಮ ಅಪ್ಪನ ಮಾತಿಗೆ ಬರಬೇಕು. ಅಪ್ಪ ಹೊಣಕೆರೆ ಕಡೆಯವರು. ವಯಸ್ಸಿನಲ್ಲಿ ದನದ ದಲ್ಲಾಳಿಯಾಗಿ ಶೀಳನೆರೆಯಿಂದ ಪಾಂಡವಪುರದವರೆಗೆ ಎತ್ತು ಕೊಡಿಸಿದವರು, ಆಮೇಲೆ ನಮ್ಮ ಜೊತೆ ನಾಗಮಂಗಲದಲ್ಲಿದ್ದರು. ಎತ್ತಿನ ಮೈಮೇಲೆ ಕೆಟ್ಟ ಸುಳಿಯಿದ್ದರೆ ಕೊಳ್ಳುವವನ ಬೆರಳು ಹಿಡಿದು ಆ ಸುಳಿಯ ಮೇಲಿಟ್ಟು ತೋರಿಸಿಯೇ ಮಾರಿಸುತ್ತಿದ್ದರಂತೆ. ಕಾಣದ ಊರಿನ ಕಾಣದ ವಸ್ತುವನ್ನು ಕಾಣದವನಿಂದ ಕೊಳ್ಳುತ್ತೇನೆಂದು ನಾನು ಹೇಳಿದಾಗ ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಜಗಿಯುವುದನ್ನೇ ನಿಲ್ಲಿಸಿದರು.

"ಸಂತೇಲಿ ಬದನೇಕಾಯ ಇಚುಕಿ ನೋಡ್ದೆ ತಕ್ಕಳಾಕಿಲ್ಲ ನೀನು. ಕಾಣದ ಎತ್ಗೆ ದುಡ್ಡು ಕಳಿಸ್ತೀಯೇನ್ಲಾ?"

ಅವರ ಮಾತು ಮೊದಲ ಸಲವೇ ನಿಜವಾಯಿತು. ಯಾರೋ ಒಬ್ಬ ಮಹಾನುಭಾವ 'ಹೊಚ್ಚ ಹೊಸದರಂತಿರುವ ಬೋಗಿ' ಎಂದು ಮಾರಿದ್ದು ಬಂದಾಗ ಹಳೆಯ ತುಕ್ಕಿನ ಮೇಲೆ ಹೊಸ ಬಣ್ಣ ಬಳಿದ ತಗಡಾಗಿತ್ತು. ಬೆರಳಿಟ್ಟರೆ ತಳವೇ ತೂತಾಯಿತು. ಸುಶೀಲ ಅದಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಳು. ಚೆನ್ನಾಗಿ ಚಿಗುರಿತು, ಸುಳ್ಳು ಹೇಳಬಾರದು.

ಇನ್ನು ಸಾಕು ಎಂದುಕೊಂಡಿದ್ದಾಗಲೇ ನಾಗಪುರದ ಕುಮುದಿನಿ ಬಾಯಿಯವರ ಜಾಹೀರಾತು ಕಣ್ಣಿಗೆ ಬಿತ್ತು. ನಿವೃತ್ತ ಉಪಾಧ್ಯಾಯಿನಿ, ತೀರಿಕೊಂಡ ಅಣ್ಣನ ಕೋಣೆ ಖಾಲಿ ಮಾಡುತ್ತ ಅವನ ಆಟಿಕೆ ರೈಲನ್ನು ಹರಾಜಿಗಿಟ್ಟಿದ್ದರು. ಒಂದು ಇಂಜಿನ್ನು, ಎರಡು ಪ್ರಯಾಣಿಕರ ಬೋಗಿ, ಕೊನೆಗೆ ಒಂದು ಪುಟ್ಟ ಗಾರ್ಡ್ ಡಬ್ಬಿ. ಉಳಿದ ಮಾರಾಟಗಾರರು ತಮ್ಮ ಸರಕನ್ನು ಮದುವೆಗೆ ನಿಂತ ವರನಂತೆ ವರ್ಣಿಸುತ್ತಿದ್ದರೆ ಈಕೆ ಕುಂದುಗಳನ್ನೇ ಬರೆದಿದ್ದರು: ಇಂಜಿನ್ನಿನ ಎಡಬದಿಯ ಬಣ್ಣ ಎದ್ದಿದೆ, ಎರಡನೆಯ ಬೋಗಿಯ ಕಿಟಕಿಯೊಂದಕ್ಕೆ ಗಾಜಿಲ್ಲ, ಗಾರ್ಡ್ ಡಬ್ಬಿಯಲ್ಲಿ ನಿಂತ ಗೊಂಬೆಯ ಬಿಳಿ ಅಂಗಿ ನನ್ನ ಅಣ್ಣ ಕೈಯಾರೆ ಬಳಿದದ್ದು, ಅಷ್ಟೇನೂ ಚೆನ್ನಾಗಿಲ್ಲ. ಆ 'ಅಷ್ಟೇನೂ ಚೆನ್ನಾಗಿಲ್ಲ' ಎಂಬುದನ್ನು ಓದಿದೊಡನೆ ನಾನು ಸೋತುಹೋದೆ. ಮುಂದಿನ ಶನಿವಾರ ಹರಾಜು ನನ್ನ ಹೆಸರಿಗೇ ಮುಗಿಯಿತು.

ಡ್ರಾಫ್ಟು ಕಳಿಸುವ ಮೊದಲೇ ಅವರ ಇ-ಮೇಲ್ ಬಂತು. ಕಟ್ಟುವ ಮುನ್ನ ಕೊನೆಯದಾಗಿ ಒಮ್ಮೆ ಓಡಿಸಿ ನೋಡಿದರಂತೆ. "ಕ್ಷಮಿಸಬೇಕು. ಇದು ಹಿಂದಕ್ಕೆ ಮಾತ್ರ ಹೋಗುತ್ತದೆ. ಎಷ್ಟು ಪ್ರಯತ್ನಿಸಿದರೂ ಮುಂದಕ್ಕೆ ಬರುತ್ತಿಲ್ಲ. ಇದನ್ನು ನಾನು ಮೊದಲೇ ಬರೆಯಬೇಕಿತ್ತು. ನೀವು ಕೊಳ್ಳಲೇಬೇಕೆಂದಿಲ್ಲ."

ಅದನ್ನು ಕಾಗದದ ಮೇಲೆ ಬರೆದುಕೊಂಡು ಬಂದು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. 'ನಾನು ಹೇಳ್ನಿಲ್ವಾ' ಎನ್ನುತ್ತಾರೆಂದು ಕಾದಿದ್ದೆ. ಅವರು ಇನ್ನೊಮ್ಮೆ ಓದಿಸಿಕೊಂಡು, ಹೆಗಲ ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡು, "ತಕೋ" ಎಂದರು.

"ಹಿಂದಕ್ಕೆ ಮಾತ್ರ ಹೋಗೋ ಇಂಜಿನ್ನಪ್ಪಾ ಅದು."

"ಎತ್ತಗಾದ್ರೂ ಓಗ್ಲಿ. ಈಯಮ್ಮ ಸುಳಿ ತೋರ್ಸಿ ಮಾರೋಳು ಕಣ್ಲಾ. ಇಂಥೋರ ತಾವ ಕುಂಟೆತ್ತು ತಕ್ಕಂಡ್ರೂ ಮೋಸಿಲ್ಲ."

ಪಾರ್ಸೆಲ್ಲು ಬಂದ ದಿನ ಬೀದಿಯ ಅರ್ಧ ಜನ ನಮ್ಮ ಹಜಾರದಲ್ಲಿದ್ದರು. ಪ್ರತಿ ಬೋಗಿಯನ್ನೂ ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಬಾಣಂತಿ ಕೂಸಿನಂತೆ ಸುತ್ತಿ ಕಳಿಸಿದ್ದರು. ಕಂಬಿ ಜೋಡಿಸಿ, ಟ್ರಾನ್ಸ್‌ಫಾರ್ಮರಿನ ಗುಬುಟು ತಿರುಗಿಸಿದೆ. ಇಂಜಿನ್ನು ಒಮ್ಮೆ ಗುರುಗುಟ್ಟಿ ನಡುಗಿತು. ಆಮೇಲೆ ಇಡೀ ರೈಲು, ಸಭೆಯಿಂದ ಮರ್ಯಾದೆಯಾಗಿ ಹಿಂದೆ ಸರಿಯುವವರಂತೆ, ಬೆನ್ನು ಮುಂದಾಗಿ ಹೊರಟಿತು. ಗಾರ್ಡ್ ಡಬ್ಬಿ ಮುಂದೆ, ಇಂಜಿನ್ನು ಕೊನೆಗೆ. ಹಜಾರವೆಲ್ಲ ಬಿದ್ದು ಬಿದ್ದು ನಕ್ಕಿತು. "ಅತ್ತೆ ಮನೆಗೆ ಓಗಾಕೆ ಮನಸಿಲ್ದ ಎಣ್ಣು ಓದಂಗೆ ಓಯ್ತದಲ್ಲಪ್ಪಾ!" ಎಂದು ಪಕ್ಕದ ಮನೆಯ ಪುಟ್ಟಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅಪ್ಪ ಮಾತ್ರ ಗಂಭೀರವಾಗಿ, ಕೊಳ್ಳಲು ಬಂದ ಎತ್ತಿನ ನಡಿಗೆ ನೋಡುವವರಂತೆ, ಕುಕ್ಕುರುಗಾಲಿನಲ್ಲಿ ಕೂತು ಕಣ್ಣಾಡಿಸುತ್ತಿದ್ದರು. "ನಡೆ ಚೆನ್ನಾಗದೆ" ಎಂದರು ಕೊನೆಗೆ.

ಆದರೂ ಲೆಕ್ಕದ ಮೇಷ್ಟ್ರಿಗೆ ಬಿಡಿಸದ ಲೆಕ್ಕ ಕಂಡರೆ ಸುಮ್ಮನಿರಲಾಗುವುದಿಲ್ಲ. ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಬಸವರಾಜುವಿನ ಅಂಗಡಿಗೆ ಇಂಜಿನ್ನನ್ನು ಒಯ್ದೆ. ಐದು ಅಶ್ವಶಕ್ತಿಯ ಮೋಟಾರುಗಳ ನಡುವೆ ಅದು ಆನೆಗಳ ನಡುವಿನ ಇಲಿಯಂತೆ ಕೂತಿತ್ತು. ಬಸವರಾಜು ಕನ್ನಡಕ ಏರಿಸಿ, ಸ್ಕ್ರೂ ಬಿಚ್ಚಿ, ದಿಕ್ಕು ಬದಲಿಸುವ ಪುಟ್ಟ ಉರುಳೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ.

"ಇದು ಕೆಟ್ಟಿಲ್ಲ ಮೇಷ್ಟ್ರೇ. ಯಾರೋ ಕಟ್ಟವ್ರೆ."

ನೋಡಿದೆ. ಕೂದಲೆಳೆಯಂಥ ತಾಮ್ರದ ತಂತಿ. ಎರಡು ಸುತ್ತು, ಮೇಲೊಂದು ಸಾಸಿವೆಯಷ್ಟು ಬೆಸುಗೆ. ಉರುಳೆ ಮುಂದಿನ ದಿಕ್ಕಿಗೆ ತಿರುಗದಂತೆ ಯಾರೋ ಬೇಕೆಂದೇ, ಬಹಳ ಅಕ್ಕರೆಯಿಂದ, ಅದನ್ನು ಬಂಧಿಸಿದ್ದರು.

"ಒಳ್ಳೆ ಕೈಗಾರ್ನು ಕಣ್ರೀ. ಬಿಚ್ಬುಡ್ಲಾ?" ಎಂದು ಬಸವರಾಜು ಇಕ್ಕುಳ ಎತ್ತಿದ.

"ಬೇಡ, ಬೇಡ" ಎಂದೆ. ಆ ಕೈ ಯಾರದೆಂದು ನನಗೆ ಅರ್ಥವಾಗಿತ್ತು, ಏಕೆಂಬುದು ಮಾತ್ರ ಆಗಿರಲಿಲ್ಲ.

ಇಲ್ಲಿ ನಿಮ್ಮಲ್ಲಿ ಒಂದು ತಪ್ಪೊಪ್ಪಿಗೆ. ಅದನ್ನು ಕುಮುದಿನಿ ಬಾಯಿಗೆ ಆ ದಿನವೇ ತಿಳಿಸಬೇಕಿತ್ತು. ನಾನು ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಆಕೆ ಕುಂದೆಂದು ತಿಳಿದು ಮಾರಿದ್ದು ಕುಂದಲ್ಲ, ಅಣ್ಣನ ಕೈಯ ಗುರುತು. ಗೊತ್ತಾದರೆ ವಾಪಸು ಕೇಳದೆ ಇರುತ್ತಾರೆಯೇ? ಕೇಳಿದರೆ ಕೊಡದೆ ಇರಲಾದೀತೇ? ಅಷ್ಟು ಹೊತ್ತಿಗೆ ಆ ರೈಲು ನಮ್ಮ ಮನೆಯ ದಿನಚರಿಯಲ್ಲಿ ಬೆರೆತುಹೋಗಿತ್ತು. ಕರೆಂಟು ಬಂದರೆ ಸುಶೀಲ 'ಒಂದು ಸುತ್ತು ನೋಡಿ ಬರ್ತೀನಿ' ಎಂದು ಒಗ್ಗರಣೆಯನ್ನೂ ಮುಂದಕ್ಕೆ ಹಾಕುತ್ತಿದ್ದಳು. ಹೇಳದಿದ್ದರೆ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮಾರುವವರ ಪ್ರಾಮಾಣಿಕತೆಯನ್ನು ಇಷ್ಟು ದಿನ ತೂಗಿದ ನಾನು ಕೊಳ್ಳುವವನಿಗೂ ಒಂದು ತಕ್ಕಡಿ ಇದೆಯೆಂದು ಯೋಚಿಸಿರಲೇ ಇಲ್ಲ.

ತಂತಿಯ ಕಥೆಯನ್ನು ನನ್ನಿಂದಲೇ ಕೇಳಿದ್ದ ಅಪ್ಪ ಐದನೆಯ ದಿನ ಬೆಳಿಗ್ಗೆ ವಿಚಾರಿಸಿದರು. "ಆಯಮ್ಮಂಗೆ ಬರ್ದ್ಯಾ?"

"ಇನ್ನೂ ಇಲ್ಲ."

"ಯಾಕ್ಲಾ? ಮಾರೋಳು ಸುಳಿ ತೋರ್ಸಿದ್ಲು. ಕೊಂಡೋನು ಮುಚ್ಚಿಡಬೌದಾ? ಬರ್ದಾಕ್ಬುಡು. ರೈಲೋದ್ರೆ ಓಯ್ತದೆ, ಇನ್ನೇನು?"

ಬರೆದೆ. ತಂತಿಯ ಚಿತ್ರವನ್ನೂ ಬಿಡಿಸಿದೆ. ಬೇಕಾದರೆ ಎಲ್ಲವನ್ನೂ ಹಿಂದಿರುಗಿಸುತ್ತೇನೆಂದೂ ಸೇರಿಸಿ, ಅಂಚೆಪೆಟ್ಟಿಗೆಯ ಬಾಯಲ್ಲಿ ಒಂದು ಕ್ಷಣ ಹೆಚ್ಚಿಗೆ ಹಿಡಿದುಕೊಂಡು, ಬಿಟ್ಟೆ.

ಉತ್ತರ ಬರಲು ಮೂರು ವಾರವಾಯಿತು. ನಾಲ್ಕು ಪುಟ, ದುಂಡನೆಯ ಶಾಲೆಯ ಅಕ್ಷರ. ಅಣ್ಣ ಮೂವತ್ತು ವರ್ಷ ರೈಲ್ವೆ ಗಾರ್ಡ್ ಆಗಿದ್ದನಂತೆ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿದ್ದವರು. "ಊಟಕ್ಕೆ ಕೂತಾಗಲೆಲ್ಲ ಅವನದೊಂದು ದೂರು: 'ಡ್ರೈವರ್ ಊರು ತಲುಪಿ ಎಷ್ಟೋ ಹೊತ್ತಿನ ಮೇಲೆ ಗಾರ್ಡ್ ತಲುಪುತ್ತಾನೆ ಕುಮುದ್, ಮೂವತ್ತು ವರ್ಷದಲ್ಲಿ ನಾನು ಒಂದೇ ಒಂದು ಊರಿಗೂ ಮೊದಲು ಹೋಗಲಿಲ್ಲ.' ನಿವೃತ್ತನಾದ ಮೇಲೆ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ನಗುತ್ತಿದ್ದ. ವಯಸ್ಸಾಯಿತು, ಮರುಳು ಎಂದುಕೊಳ್ಳುತ್ತಿದ್ದೆ. ಅವನು ಒಳಗೆ ಏನು ಮಾಡುತ್ತಿದ್ದನೆಂದು ನಿಮ್ಮ ಪತ್ರದಿಂದ ತಿಳಿಯಿತು. ಗಾರ್ಡ್ ಡಬ್ಬಿಯನ್ನು ಮುಂದೆ ಕಳಿಸುತ್ತಿದ್ದ." ಕೊನೆಯಲ್ಲಿ ಎರಡೇ ಸಾಲು: ಡಿಸೆಂಬರಿನಲ್ಲಿ ನಿವೃತ್ತ ಉಪಾಧ್ಯಾಯಿನಿಯರ ತಂಡವೊಂದು ಮೈಸೂರು ನೋಡಲು ಬರುತ್ತಿದೆ. ಒಂದು ದಿನ ತಪ್ಪಿಸಿಕೊಂಡು ನಿಮ್ಮ ಮನೆಗೆ ಬರಬಹುದೇ?

ರೈಲು ಬೇಕೆಂದೂ ಬರೆದಿರಲಿಲ್ಲ, ಬೇಡವೆಂದೂ ಬರೆದಿರಲಿಲ್ಲ. ನಾನು ಪೆಟ್ಟಿಗೆಯನ್ನೂ ಸೀರೆಯ ತುಂಡುಗಳನ್ನೂ ಹೊರತೆಗೆದು ಬಿಸಿಲಿಗೆ ಹಾಕಿದೆ.

ಬಂದರು. ಸಣ್ಣ ದೇಹ, ಬಿಳಿಯ ಕೂದಲು, ಕಾಲಿಗೆ ಕ್ಯಾನ್ವಾಸ್ ಬೂಟು. ಸುಶೀಲ ಬಡಿಸಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದರು. ಆಮೇಲೆ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು ಗುಬುಟನ್ನು ತಾವೇ ತಿರುಗಿಸಿದರು. ಗಾರ್ಡ್ ಡಬ್ಬಿ ತಿರುವು ದಾಟಿ, ಅಷ್ಟೇನೂ ಚೆನ್ನಾಗಿಲ್ಲದ ಬಿಳಿಯಂಗಿಯ ಗೊಂಬೆಯನ್ನು ಹೊತ್ತು, ಎಲ್ಲರಿಗಿಂತ ಮೊದಲು ಅವರ ಮುಂದೆ ಬಂತು. ಅವರು ಚಪ್ಪಾಳೆ ತಟ್ಟಿ ನಕ್ಕರು. ನಗುತ್ತಲೇ ಅತ್ತರು, ಅಳುತ್ತಲೇ ಇನ್ನೊಂದು ಸುತ್ತು ಬಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ರೈಲು ನಡುದಾರಿಯಲ್ಲಿ ನಿಂತಿತು. ಕರೆಂಟು ಬರುವವರೆಗಿನ ಒಂದು ಗಂಟೆ ಅವರು ಮರಾಠಿ ಬೆರೆತ ಹಿಂದಿಯಲ್ಲೂ ಅಪ್ಪ ಹೊಣಕೆರೆಯ ಕನ್ನಡದಲ್ಲೂ ಮಾತಾಡಿದರು. ಅವರು ಅಣ್ಣನ ಬಗ್ಗೆ ಹೇಳಿದರು, ಇವರು ಎತ್ತುಗಳ ಬಗ್ಗೆ. ಇಬ್ಬರಿಗೂ ಎಲ್ಲ ಅರ್ಥವಾದಂತಿತ್ತು.

ಹೊರಡುವಾಗ ನಾನು ಇಂಜಿನ್ನನ್ನು ಸೀರೆಯ ತುಂಡಿನಲ್ಲಿ ಸುತ್ತತೊಡಗಿದೆ. ಅವರು ನನ್ನ ಕೈ ತಡೆದರು. "ಇದು ನಿಮ್ಮದು. ನಾನು ಮಾರಿದ್ದೇನೆ. ಆ ಗಂಟನ್ನು ಬಿಚ್ಚದಿದ್ದರೆ ಸಾಕು. ನನಗೆ ಈ ಗಾರ್ಡ್ ಡಬ್ಬಿಯೊಂದನ್ನು ಕೊಡುತ್ತೀರಾ? ಡ್ಯೂಟಿಯ ದಿನಗಳಲ್ಲಿ ಅವನು ಯಾವಾಗಲೂ ನನ್ನ ಊಟವಾದ ಮೇಲೆ ಮನೆಗೆ ಬರುತ್ತಿದ್ದ. ಈ ಸಲ ನನ್ನ ಜೊತೆಗೇ ಬರಲಿ."

ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ಹೆಗಲ ಟವೆಲ್ಲನ್ನು ತೆಗೆದು, ಗಾರ್ಡ್ ಡಬ್ಬಿಯನ್ನು ಅದರಲ್ಲಿ ಸುತ್ತಿ, ಎರಡು ಕೈಯಲ್ಲೂ ಹಿಡಿದು ಕೊಟ್ಟರು. ಸುಶೀಲ ಮಡಿಲು ತುಂಬಲು ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದಳು.

ಅವರ ತಂಡ ಮೈಸೂರಿನಿಂದ ಬೆಂಗಳೂರಿಗೆ ಹೊರಟ ರೈಲನ್ನು ಅವರು ಶ್ರೀರಂಗಪಟ್ಟಣದಲ್ಲಿ ಹತ್ತಬೇಕಿತ್ತು. ನಾವು ಮೂವರೂ ಬಸ್ಸಿನಲ್ಲಿ ಪಾಂಡವಪುರದ ಮೇಲೆ ಹೋಗಿ ನಿಲ್ದಾಣದವರೆಗೆ ಕಳಿಸಲು ಬಂದೆವು. ಗೆಳತಿಯರು ಕಿಟಕಿಯಿಂದ ಕೂಗಿ ಕೈಹಿಡಿದು ಹತ್ತಿಸಿಕೊಂಡರು. ರೈಲು ಹೊರಟಿತು. ಕುಮುದಿನಿ ಬಾಯಿ ಟವೆಲ್ಲಿನ ಗಂಟನ್ನು ಎದೆಗೊತ್ತಿಕೊಂಡು, ಬಿಡುವಿದ್ದ ಕೈಯನ್ನು ಬೀಸುತ್ತ ದೂರವಾದರು. ಸುಶೀಲ ಕಣ್ಣೊರೆಸಿಕೊಂಡು ಹಿಂದಿರುಗಿದಳು, ನಾನೂ ತಿರುಗಿದೆ; ಅಪ್ಪ ಮಾತ್ರ ಕದಲಲಿಲ್ಲ. ಬೋಗಿಗಳೆಲ್ಲ ಒಂದೊಂದಾಗಿ ಸರಿದು, ಕೊನೆಯದರ ಬಾಗಿಲಲ್ಲಿ ಹಸಿರು ಬಾವುಟ ಹಿಡಿದು ನಿಂತ ಬಿಳಿಯಂಗಿಯ ಗಾರ್ಡ್ ಎದುರಿಗೆ ಬರುತ್ತಿದ್ದಂತೆ, ಅವರು ಪಂಚೆ ಎತ್ತಿಕಟ್ಟಿ ಅವನ ಜೊತೆಜೊತೆಗೆ ನಾಲ್ಕು ಹೆಜ್ಜೆ ಓಡಿದರು.

"ನಮ್ಮನೆ ಎಣ್ಮಗ್ಳು ಅವ್ಳೆ ಕಣಪ್ಪಾ ಗಾಡೀಲಿ! ಜ್ವಾಪಾನ!"

ಗಾರ್ಡ್ ಬಾವುಟವನ್ನು ಎಡಗೈಗೆ ಬದಲಾಯಿಸಿ, ಬಲಗೈ ಎತ್ತಿ, "ಆಗ್ಲಿ ತಾತಾ!" ಎಂದು ಕೂಗಿದ.