ಏಡಿ ಸಾರಿನ ಅಂಗಡಿಯಲ್ಲಿ ನ್ಯಾನಜ್ಜಿಯ ಫೋಟೋ

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ನ್ಯಾನಜ್ಜಿ ಮೊದಲು ಮಾಡುವ ಕೆಲಸ ಎರಡು ವೀಳ್ಯ ಮಡಿಸುವುದು. ಒಂದು ತೀರಿಕೊಂಡ ಹಿರಿಯರ ಪೀಠಕ್ಕೆ, ಇನ್ನೊಂದು ತನ್ನ ಬಾಯಿಗೆ. ಎಲೆಯ ತುದಿ ಚಿವುಟಿ, ಬೆನ್ನಿಗೆ ಸುಣ್ಣ ಸವರಿ, ಎರಡೂ ಅಂಚನ್ನು ಚೂರಿಯಿಂದ ಸಣ್ಣಗೆ ಸೀಳಿ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಮಡಿಸಿ, ಎಲೆಯ ತೊಟ್ಟಿನಿಂದಲೇ ಚುಚ್ಚಿ ನಿಲ್ಲಿಸುತ್ತಾಳೆ. ಆ ಮಡಿಕೆಯನ್ನು ಉಳಿದವರು ಮದುವೆಯ ತಟ್ಟೆಗೆ ಮಾತ್ರ ಮಾಡುತ್ತಾರೆ. ಅಜ್ಜಿಗೆ ಅದು ದಿನದ ಕೆಲಸ. ಜ್ವರ ಬಂದ ದಿನವೂ, ಗಣಿಯಲ್ಲಿ ಮಗನ ಕಾಲು ಮುರಿದ ದಿನವೂ ಅದನ್ನು ತಪ್ಪಿಸಿದವಳಲ್ಲ.

"ಸತ್ತೋರಿಗೆ ದಿನಾ ಮದ್ವೆ ಮಾಡ್ತೀರಲ್ಲ ಅತ್ತೆ," ಎಂದು ಸೊಸೆ ಲುವಾ ಕಾಲೆಳೆಯುತ್ತಾಳೆ.

"ಬದುಕಿರೋರಿಗೆ ಮಾಡಿದ್ರೆ ತಲೆ ಮೇಲೆ ಕೂರ್ತಾರೆ. ನೀನೇ ಸಾಕ್ಷಿ," ಎನ್ನುತ್ತಾಳೆ ಅಜ್ಜಿ.

ಇರುವುದು ಕಾಮ್ ಫಾ ಎಂಬ ಕಲ್ಲಿದ್ದಲಿನ ಊರು. ಒಗೆದ ಬಟ್ಟೆ ಹಗ್ಗದ ಮೇಲೆಯೇ ಕಪ್ಪಾಗುವ ಜಾಗ. ಆದರೆ ಅಜ್ಜಿ ಹುಟ್ಟಿ ಬೆಳೆದು, ಗಂಡನನ್ನು ಕಳೆದುಕೊಂಡು, ಹೆಗಲ ಮೇಲೆ ಅಡ್ಡೆ ಹೊತ್ತು ಏಡಿ ಸಾರು ಮಾರಿದ್ದು ಹಾಯ್ ಫಾಂಗ್ ಬಂದರಿನಲ್ಲಿ. ಗದ್ದೆ ಏಡಿಯನ್ನು ಒರಳಲ್ಲಿ ಕುಟ್ಟಿ, ಸೋಸಿ, ಸಣ್ಣ ಉರಿಯಲ್ಲಿಟ್ಟು, ಮೇಲೆ ತೇಲಿ ಬರುವ ಗಟ್ಟಿಯನ್ನು ಒಡೆಯದೆ ಎತ್ತಿ, ಕಂದು ಬಣ್ಣದ ಅಗಲ ಶಾವಿಗೆಯ ಮೇಲೆ ಹಾಕಿಕೊಡುವ ಸಾರು ಅದು. ಆಗ ಬಟ್ಟಲು ತೊಳೆಯಲು ಬಂದ ತಬ್ಬಲಿ ಹುಡುಗಿ ಮೂಯಿ. ಬಟ್ಟಲು ತೊಳೆಯುತ್ತ ಬಂದವಳು ಏಡಿ ಕುಟ್ಟಲು ಕಲಿತಳು, ಅಜ್ಜಿಯ ಚಾಪೆಯಲ್ಲೇ ಮಲಗಿ ದೊಡ್ಡವಳಾದಳು, "ದೊಡ್ಡಮ್ಮ" ಎಂದು ಕರೆದಳು. ಮಗ ಗಣಿಯ ಊರಿಗೆ ಬಾ ಎಂದು ಕರೆದಾಗ ಅಜ್ಜಿ ಒಲೆ, ಒರಳು, ಓಣಿಯ ಬಾಯಲ್ಲಿದ್ದ ಜಾಗ ಎಲ್ಲವನ್ನೂ ಮೂಯಿಯ ಕೈಗೆ ಕೊಟ್ಟು, ಅಡ್ಡೆಯೊಂದನ್ನು ಮಾತ್ರ ಹೊತ್ತು ಹೊರಟಳು. ಮೂಯಿ ಬಸ್ಸಿನವರೆಗೆ ಬರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಆಮೇಲೆ ಅಜ್ಜಿ ಆ ಕಡೆ ಹೋಗುವವರ ಕೈಯಲ್ಲಿ ಎರಡು ಸಲ ಸುದ್ದಿ ಕಳಿಸಿದಳು. ಉತ್ತರ ಬರಲಿಲ್ಲ. ರಸ್ತೆ ಅಗಲ ಮಾಡುವಾಗ ಆ ಓಣಿಯನ್ನೇ ಕೆಡವಿದರಂತೆ ಎಂದು ಯಾರೋ ಹೇಳಿದರು. ಮೂಯಿ ತನ್ನನ್ನು ಮರೆತುಬಿಟ್ಟಳು ಎಂದು ಅಜ್ಜಿ ಒಪ್ಪಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಒಪ್ಪಿಕೊಂಡಿದ್ದಳೇ ಹೊರತು ಅದು ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ಈ ಚಳಿಗಾಲದಲ್ಲಿ ಲುವಾ ಒಂದು ಹೊಸ ಮಾತು ತಂದಳು. ಹಾಯ್ ಫಾಂಗ್‌ನಲ್ಲಿ ಈಗ ಸಂಜೆ ಹೊತ್ತು ತಿಂಡಿ ನಡಿಗೆ ಎಂದು ಮಾಡುತ್ತಾರಂತೆ. ಒಬ್ಬ ಮುಂದೆ ನಡೆದು ಬೀದಿ ಬೀದಿ ತೋರಿಸುತ್ತಾನಂತೆ, ಹಿಂದೆ ಹೋದವರು ತಿನ್ನುತ್ತಾ ಹೋಗಬೇಕಂತೆ. ಹನೋಯ್‌ನ ಹುಡುಗ ಹುಡುಗಿಯರು ರೈಲು ತುಂಬಿಕೊಂಡು ಬರುತ್ತಾರಂತೆ.

"ತಿನ್ನೋಕೂ ದಾರಿ ತೋರಿಸ್ಬೇಕಾ?" ಅಜ್ಜಿ ಬೆಚ್ಚಿಬಿದ್ದಳು. "ಬಾಯಿ ಎಲ್ಲಿದೆ ಅಂತಾನೂ ಅವ್ನೇ ತೋರಿಸ್ತಾನಾ?"

"ಇಬ್ಬರ ಹೆಸರು ಬರೆಸಿಬಿಟ್ಟೆ ಅತ್ತೆ. ನೀವು ಬರಲ್ಲ ಅಂದ್ರೆ ಪಕ್ಕದ ಮನೆಯವಳನ್ನ ಕರ್ಕೊಂಡು ಹೋಗ್ತೀನಿ. ಅವಳು ನಿಮ್ಮ ಪಾಲೂ ತಿಂತಾಳೆ."

ಅಜ್ಜಿ ಎರಡು ದಿನ ಬೈದಳು, ಮೂರನೆಯ ದಿನ ಕಂದು ಮಖಮಲ್ ಅಂಗಿಯನ್ನು ಬಿಸಿಲಿಗೆ ಹಾಕಿದಳು. ಮೂಯಿಯ ಒಲೆ ಎಲ್ಲಾದರೂ ಉರಿಯುತ್ತಿದೆಯೇ ಎಂದು ಒಮ್ಮೆ ನೋಡಿಬರುವ ಆಸೆ. ಮಾತಾಡಿಸುವುದು ಬೇಡ, ದೂರದಿಂದ ನೋಡಿದರೂ ಸಾಕು. ಇದನ್ನು ಸೊಸೆಗೆ ಹೇಳಲಿಲ್ಲ.

ದಾರಿ ತೋರಿಸುವವನ ಹೆಸರು ಖಿಯೆಮ್. ಕೈಯಲ್ಲಿ ಕೆಂಪು ಬಾವುಟ, ಬಾಯಲ್ಲಿ ನಿಲ್ಲದ ಮಾತು. ಹಿಂದೆ ಹನೋಯ್‌ನ ನವದಂಪತಿ, ಮೂವರು ಕಾಲೇಜು ಹುಡುಗಿಯರು, ಲುವಾ, ಕೊನೆಯಲ್ಲಿ ಅಜ್ಜಿ. ಎಲೆಯಿಲ್ಲದ ಗುಲ್‌ಮೊಹರ್ ಮರಗಳ ಕೆಳಗೆ ನಡೆದರು. ಬೆರಳಿನಷ್ಟು ಸಪೂರವಾದ ಖಾರದ ಬ್ರೆಡ್ಡು ತಿಂದರು. ಕಾಲುವೆಯ ದಂಡೆಯಲ್ಲಿ ಪುಟ್ಟ ಸ್ಟೂಲುಗಳ ಮೇಲೆ ಕೂತು ಶುಂಠಿ ಹಾಕಿ ಬೇಯಿಸಿದ ಬಸವನಹುಳು ಹೀರಿದರು. ಹುಳುವನ್ನು ಚಿಪ್ಪಿನಿಂದ ಹೇಗೆ ಹೊರಗೆಳೆಯಬೇಕು ಎಂದು ಖಿಯೆಮ್ ಕಡ್ಡಿ ಹಿಡಿದು ತೋರಿಸಿದಾಗ ಅಜ್ಜಿಗೆ ನಾಚಿಕೆಯಾಯಿತು, ಯಾರೋ ತನಗೆ ಬಟ್ಟೆ ಉಡಿಸಲು ಬಂದ ಹಾಗೆ.

ಅವಳ ಓಣಿ ಇದ್ದ ಕಡೆ ಈಗ ಅಗಲವಾದ ರಸ್ತೆ, ದೀಪಗಳು. ಅಜ್ಜಿ ಎಡಕ್ಕೂ ಬಲಕ್ಕೂ ನೋಡಿದಳು. ಗುರುತಿಗೆ ಒಂದು ಗೋಡೆಯೂ ಉಳಿದಿರಲಿಲ್ಲ.

"ಈಗ ಬರೋದು ನಮ್ಮ ನಡಿಗೆಯ ಕಿರೀಟ," ಎಂದ ಖಿಯೆಮ್. ಮೂಲೆಯ ಅಂಗಡಿಯ ಮುಂದೆ ನಿಂತು ದನಿ ತಗ್ಗಿಸಿದ. "ಒಳಗೆ ಹೋಗೋ ಮುಂಚೆ ಒಂದು ಕಥೆ. ಈ ಏಡಿ ಸಾರನ್ನ ಶುರು ಮಾಡಿದ್ದು ಒಬ್ಬ ಬಡ ವಿಧವೆ. ಫ್ರೆಂಚರ ಕಾಲದಲ್ಲಿ ಅವರ ದೊಡ್ಡ ಅಧಿಕಾರಿಗಳೇ ಬಂದು ಸಾಲಲ್ಲಿ ನಿಲ್ತಿದ್ರು."

ಫ್ರೆಂಚರು ಹೋದಾಗ ತಾನಿನ್ನೂ ತೊಟ್ಟಿಲಲ್ಲಿದ್ದೆ ಎಂದು ಅಜ್ಜಿ ಮನಸ್ಸಿನಲ್ಲಿ ಎಣಿಸಿದಳು. ಬೇರೆ ಯಾವಳೋ ಇರಬೇಕು.

"ಅಜ್ಜಿ ಕಣ್ಣೀರಿಟ್ಟು ಈ ಊರು ಬಿಟ್ಟು ಕಲ್ಲಿದ್ದಲಿನ ಊರಿಗೆ ಹೋದ್ರು. ಅಲ್ಲಿ ದೊಡ್ಡ ಮಳೆಯಲ್ಲಿ ಗುಡ್ಡ ಕುಸಿದು ತೀರಿಕೊಂಡ್ರು." ಖಿಯೆಮ್ ಬಾವುಟವನ್ನು ಬಗ್ಗಿಸಿದ. "ಅವರ ಸಾಕುಮಗಳು ಇವತ್ತಿಗೂ ಮೊದಲ ಬಟ್ಟಲು ಅವರ ಮುಂದೆ ಇಟ್ಟೇ ವ್ಯಾಪಾರ ಶುರು ಮಾಡೋದು."

ಕಾಲೇಜು ಹುಡುಗಿಯೊಬ್ಬಳು ಮೂಗೊರೆಸಿಕೊಂಡಳು. ಲುವಾ ಅತ್ತೆಯ ಕಡೆ ತಿರುಗಿ, "ನೋಡಿ ಪಾಪ, ನಮ್ಮೂರಲ್ಲೇ ಸತ್ತಿದ್ದು," ಎಂದಳು.

ಒಳಗೆ ಹಿಂದಿನ ಗೋಡೆಯ ಮೇಲೆ, ಎತ್ತರದಲ್ಲಿ, ಹಿರಿಯರ ಪೀಠ. ಕೆಂಪು ದೀಪ, ಮೂರು ಊದುಬತ್ತಿ, ಸೇವಂತಿಗೆ. ಹೊಗೆಯ ಹಿಂದೆ ಕಪ್ಪು ಚೌಕಟ್ಟಿನಲ್ಲಿ ಒಂದು ಫೋಟೋ. ಕಂದು ಮಖಮಲ್ ಅಂಗಿ, ಕೊರಳಲ್ಲಿ ಮುತ್ತಿನ ಸರ, ಬಿಗಿದ ತುಟಿ.

ಆ ಮುತ್ತಿನ ಸರ ಸ್ಟುಡಿಯೋದವನದು. ಸತ್ತ ಮೇಲೆ ಮಕ್ಕಳು ಫೋಟೋಕ್ಕೆ ಪರದಾಡಬಾರದೆಂದು ಎಲ್ಲರೂ ಮಾಡುವ ಹಾಗೆ ಅಜ್ಜಿಯೂ ಮುಂಚೆಯೇ ಒಂದು ಪೂಜೆಯ ಫೋಟೋ ತೆಗೆಸಿಟ್ಟಿದ್ದಳು. ಸ್ಟುಡಿಯೋಕ್ಕೆ ಜೊತೆಗೆ ಬಂದು, ಸರದ ಕೊಂಡಿ ಹಾಕಿದವಳು ಮೂಯಿ. ಒಂದು ಪ್ರತಿ ಕಾಮ್ ಫಾದ ಪೆಟ್ಟಿಗೆಯಲ್ಲಿದೆ. ಇನ್ನೊಂದು ಪ್ರತಿ ತೆಗೆದಿದ್ದರೆಂಬುದೇ ಮರೆತುಹೋಗಿತ್ತು.

ಅಜ್ಜಿ ಲುವಾಳ ತೋಳು ಹಿಡಿದುಕೊಂಡಳು. ಲುವಾ ಫೋಟೋ ನೋಡಿದಳು, ಅತ್ತೆಯನ್ನು ನೋಡಿದಳು, ಅದೇ ಅಂಗಿಯನ್ನು ನೋಡಿದಳು. ಬಾಯಿ ತೆರೆದವಳಿಗೆ ಮಾತು ಹೊರಡಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಹಾಗಾದದ್ದು ಅದೇ ಮೊದಲು.

"ಅತ್ತೆ," ಎಂದಳು ಕೊನೆಗೆ, ಪಿಸುದನಿಯಲ್ಲಿ, "ಬದುಕಿರೋರ ಫೋಟೋಗೆ ಊದುಬತ್ತಿ ಹಚ್ಚಿದಾರೆ. ಆಯಸ್ಸು ತಿನ್ನುತ್ತೆ ಅದು. ನಡೀರಿ ಇಲ್ಲಿಂದ."

ಅಜ್ಜಿ ಅಲ್ಲಾಡಲಿಲ್ಲ. ಮರೆತಿದ್ದರೆ ಸಹಿಸಬಹುದಿತ್ತು. ಸಾಯಿಸಿ, ಗೋಡೆಗೆ ಹಾಕಿ, ಬಂದವರ ಕಣ್ಣಲ್ಲಿ ನೀರು ತರಿಸಿ ಸಾರು ಮಾರುವುದೆಂದರೆ? ತನ್ನ ಸಾವನ್ನು ಮೂಯಿ ಅಂಗಡಿಯ ಬೋರ್ಡು ಮಾಡಿಕೊಂಡಳೇ? ಇದೊಂದನ್ನು ತಿಳಿಯದೆ ಅಲ್ಲಿಂದ ಹೊರಡುವುದು ಅವಳಿಂದಾಗಲಿಲ್ಲ.

"ತಮ್ಮಾ," ಎಂದು ಖಿಯೆಮ್‌ನನ್ನು ಕರೆದಳು. "ಈ ಕಥೆ ನಿನಗೆ ಯಾರು ಹೇಳಿದ್ದು?"

"ಫ್ರೆಂಚರದ್ದು ನಾನೇ ಸೇರಿಸಿದ್ದು ಅಜ್ಜಿ," ಖಿಯೆಮ್ ತಲೆ ಕೆರೆದುಕೊಂಡ. "ಜನಕ್ಕೆ ಇಷ್ಟ ಆಗುತ್ತೆ ಅಂತ. ಉಳಿದಿದ್ದು ಅವರೇ ಹೇಳಿದ್ದು. ಅದನ್ನೂ ನಾನೇ ಕೆದಕಿ ಕೇಳಿದ್ದು, ಅವರಾಗಿ ಬಾಯಿ ಬಿಡಲ್ಲ."

ಅಜ್ಜಿ ಮತ್ತೆ ತಲೆಯೆತ್ತಿದಳು. ಈ ಸಲ ಫೋಟೋ ಬಿಟ್ಟು ಅದರ ಕೆಳಗೆ ನೋಡಿದಳು. ಒಂದು ಬಟ್ಟಲು ಸಾರು, ಈರುಳ್ಳಿ ಸೊಪ್ಪಿಲ್ಲದೆ. ಆ ಸೊಪ್ಪು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಪಕ್ಕದ ತಟ್ಟೆಯಲ್ಲಿ ಒಂದು ವೀಳ್ಯ. ಅಂಚು ಸೀಳಿ, ರೆಕ್ಕೆ ಬಿಚ್ಚಿದ ಹಾಗೆ ಮಡಿಸಿ, ತೊಟ್ಟಿನಿಂದ ಚುಚ್ಚಿದ್ದು. ಎಲೆ ಹಸಿರಾಗಿತ್ತು, ಇವತ್ತಿನದು. ಆ ಮಡಿಕೆಯ ಬಗ್ಗೆ ಖಿಯೆಮ್ ತನ್ನ ಕಥೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಅದು ಬಂದವರಿಗೆ ತೋರಿಸಲು ಇಟ್ಟದ್ದಲ್ಲ.

ಅಷ್ಟರಲ್ಲಿ ಒಳಗಿನಿಂದ ಬಟ್ಟಲುಗಳ ತಟ್ಟೆ ಹಿಡಿದು ಒಬ್ಬ ಹೆಂಗಸು ಬಂದಳು. ಕೂದಲು ಬೆಳ್ಳಗಾಗಿದ್ದರೂ ಒಂದು ಭುಜ ಎತ್ತಿ ನಡೆಯುವ ನಡಿಗೆ ಹಾಗೇ ಇತ್ತು. ಬಟ್ಟಲುಗಳನ್ನು ಒಬ್ಬೊಬ್ಬರ ಮುಂದೆ ಇಡುತ್ತಾ ಬಂದವಳು ಅಜ್ಜಿಯ ಮುಂದೆ ಇಟ್ಟು, ಮುಖ ನೋಡಿ, ನಿಂತಲ್ಲೇ ನಿಂತಳು. ನಿಧಾನವಾಗಿ ಎರಡೂ ಕೈ ಜೋಡಿಸಿದಳು.

"ದೊಡ್ಡಮ್ಮ," ಎಂದಳು. "ಇವತ್ತು ಉಪ್ಪು ಜಾಸ್ತಿ ಆಯ್ತಾ? ಅದಕ್ಕೆ ಎದ್ದು ಬಂದ್ರಾ?"

ಅಜ್ಜಿ ಚಮಚ ಎತ್ತಿ ಒಂದು ಗುಟುಕು ಕುಡಿದಳು.

"ಉಪ್ಪು ಸರಿ ಇದೆ ಕಣೆ. ಏಡಿನ ಮಿಕ್ಸಿಗೆ ಹಾಕಿದೀಯ. ಒರಳು ಎಲ್ಲಿ ಹೋಯ್ತು?"

"ಭುಜ ನೋವು ದೊಡ್ಡಮ್ಮ," ಎಂದಳು ಮೂಯಿ. ಸತ್ತವರ ಎದುರು ಸುಳ್ಳು ಹೇಳಬಾರದೆಂದೇ ಹೇಳಿದ ಹಾಗಿತ್ತು. ಆಮೇಲೆ ಅಜ್ಜಿಯ ಕೈ ಮುಟ್ಟಿದಳು. ಬೆಚ್ಚಗಿತ್ತು. ಮತ್ತೆ ಮುಟ್ಟಿದಳು. ಹಾಗೇ ನೆಲಕ್ಕೆ ಕುಸಿದು ಅಜ್ಜಿಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಅದು ದುಃಖದ ಅಳುವೂ ಅಲ್ಲ, ಸಂತೋಷದ್ದೂ ಅಲ್ಲ, ಬೆದರಿದ ಮಗುವಿನ ಅಳು.

ಅಳು ನಿಂತ ಮೇಲೆ ವಿಷಯ ತುಂಡು ತುಂಡಾಗಿ ಹೊರಬಂತು. ಗುಡ್ಡ ಕುಸಿದ ಸುದ್ದಿ ಕೇಳಿ ಮೂಯಿ ಕಾಮ್ ಫಾಗೆ ಓಡಿದ್ದಳು. ಅಜ್ಜಿಯ ಕೋಣೆಯಿದ್ದ ಸಾಲುಮನೆಯ ಜಾಗದಲ್ಲಿ ಕೆಸರು. ಏಡಿ ಸಾರು ಮಾರುತ್ತಿದ್ದ ಅಜ್ಜಿ ಎಲ್ಲಿ ಎಂದು ಕೇಳಿದಾಗ ಜನ ಒಂದು ಹೊಸ ಮಣ್ಣುಗುಡ್ಡೆ ತೋರಿಸಿದರು. ಅಜ್ಜಿಯ ಮಗನನ್ನು ಹುಡುಕಿದರೆ, ಬೇರೆ ಗಣಿಗೆ ಹೋದ ಎಂದರು. ಮಣ್ಣಿನ ಮೇಲೆ ಬಿದ್ದಿದ್ದ ಅಡ್ಡೆಯನ್ನು ಮೂಯಿ ಗುರುತು ಹಿಡಿದಳು. ಅದು ಅಜ್ಜಿಯದೇ.

"ಅಯ್ಯೋ, ಸ್ವಾನ್!" ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸ್ವಾನ್ ಆ ಸಾಲುಮನೆಯಲ್ಲಿ ಪಕ್ಕದ ಕೋಣೆಯವಳು, ಹಿಂದುಮುಂದಿಲ್ಲದ ಒಂಟಿ ಮುದುಕಿ. ಮೊದಲು ಅಜ್ಜಿಯೂ ಅಲ್ಲೇ ಇದ್ದು ಸಾರು ಮಾರುತ್ತಿದ್ದಳು. ಮಗನ ಕೆಲಸ ಊರಿನ ಆ ತುದಿಗೆ ಬದಲಾದಾಗ ಅಜ್ಜಿ ತನ್ನ ಕೋಣೆ, ಒಲೆ, ಅಡ್ಡೆ ಎಲ್ಲ ಅವಳಿಗೆ ಬಿಟ್ಟುಕೊಟ್ಟಿದ್ದಳು, ಸಾರು ಮಾಡುವುದನ್ನೂ ಹೇಳಿಕೊಟ್ಟಿದ್ದಳು. ಮಳೆಗಾಲದಲ್ಲಿ ಗುಡ್ಡ ಬಿದ್ದದ್ದು ಅವಳ ಮೇಲೆ. ಅಲ್ಲಿಯ ಪದ್ಧತಿಯಂತೆ ಕೆಲವು ವರ್ಷಗಳ ಮೇಲೆ ಮೂಳೆ ತೆಗೆದು ಎರಡನೆಯ ಸಲ ಹೂಳಿ, ಹೆಸರಿನ ಕಲ್ಲು ನಿಲ್ಲಿಸಬೇಕಾದವರು ರಕ್ತಸಂಬಂಧಿಗಳು. ಅವಳಿಗೆ ಯಾರೂ ಇರಲಿಲ್ಲ. ಆ ಗುಡ್ಡೆ ಹೆಸರಿಲ್ಲದೆ ಹಾಗೇ ಉಳಿಯಿತು. ವಸಂತದಲ್ಲಿ ಎಲ್ಲರೂ ತಮ್ಮ ಹಿರಿಯರ ಸಮಾಧಿ ಶುಚಿ ಮಾಡುವ ದಿನ ಅಜ್ಜಿ ಅಲ್ಲಿಗೂ ಹೋಗಿ ಒಂದು ಊದುಬತ್ತಿ ಹಚ್ಚಿ ಬರುತ್ತಿದ್ದಳು. ಪ್ರತಿ ಸಲವೂ ಆಶ್ಚರ್ಯ. ಅಂಚಿನ ಇಟ್ಟಿಗೆಗೆ ಸುಣ್ಣ ಬಳಿದಿರುತ್ತಿತ್ತು, ತಲೆಯ ಕಡೆ ಯಾರೋ ಸೇವಂತಿಗೆ ನೆಟ್ಟಿದ್ದರು, ಮುರುಟಿ ಕಪ್ಪಾದ ಒಂದು ಎಲೆ ಇರುತ್ತಿತ್ತು.

"ಊರಿನವರು ಯಾರೋ ಪುಣ್ಯಾತ್ಮರು ಮಾಡ್ತಾರೆ ಅಂದ್ಕೊಂಡಿದ್ದೆ," ಎಂದಳು ಅಜ್ಜಿ. "ನೀನಾ?"

"ಪ್ರತಿ ವರ್ಷ ತಿಥಿಯ ದಿನ ಬರ್ತೀನಿ. ಬೆಳಗಿನ ಬಸ್ಸಲ್ಲಿ ಬಂದು, ಮಧ್ಯಾಹ್ನ ಹೋಗ್ತೀನಿ." ಮೂಯಿ ಮೂಗು ಒರೆಸಿಕೊಂಡಳು. "ಕಲ್ಲು ನಿಲ್ಲಿಸೋ ಧೈರ್ಯ ಬರ್ಲಿಲ್ಲ. ನಾನು ಹೆತ್ತ ಮಗಳಲ್ಲವಲ್ಲ."

ಊರಿನ ಇನ್ನೊಂದು ತುದಿಯ ಆ ಮಣ್ಣುಗುಡ್ಡೆಗೆ ಮೂಯಿ ವರ್ಷ ವರ್ಷ ಬಂದು ಹೋಗಿದ್ದಳು. ತಾನು ಮರೆತಳು ಮರೆತಳು ಎಂದು ಬೈದುಕೊಳ್ಳುತ್ತಾ ಅದೇ ಊರಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಮೊದಲು ಆ ಫೋಟೋ ಇಳಿಸಿ," ಎಂದಳು ಲುವಾ, ಅಷ್ಟರಲ್ಲಿ ಬಾಯಿ ಮರಳಿ ಬಂದಿತ್ತು. "ಹೊಗೆ ತಿಂದು ತಿಂದು ನಮ್ಮತ್ತೆ ಅಲ್ಲಿ ನನಗಿಂತ ಕಪ್ಪಗಾಗಿದಾರೆ."

ಮೂಯಿ ಸ್ಟೂಲು ಹತ್ತಿ, ಕೈಮುಗಿದು, ಕ್ಷಮೆ ಕೇಳಿ ಫೋಟೋ ಇಳಿಸಿದಳು. ಗೋಡೆಯಲ್ಲಿ ಬೆಳ್ಳಗಿನ ಚೌಕ ಉಳಿಯಿತು. ಫೋಟೋವನ್ನು ಎದೆಗೆ ಅವುಚಿಕೊಂಡು ಅವಳು ಒಂದೇ ಉಸಿರಿನಲ್ಲಿ ಮಾತಾಡಿದಳು. "ನಾಳೆನೇ ಗುಡಿಗೆ ಹೋಗೋಣ ದೊಡ್ಡಮ್ಮ. ಭಿಕ್ಷುಗಳ ಹತ್ರ ದೋಷ ತೆಗೆಸೋ ಪೂಜೆ ಮಾಡಿಸ್ತೀನಿ. ಇಷ್ಟು ವರ್ಷ ನಿಮಗೆ ತಿಥಿ ಮಾಡಿದೀನಲ್ಲ, ಅದರ ಕೆಡುಕೆಲ್ಲ ಹೋಗ್ಲಿ. ಖರ್ಚೆಲ್ಲ ನಂದು. ಆ ತಿಥಿನೂ ಇವತ್ತಿಗೇ ನಿಲ್ಲಿಸಿಬಿಡ್ತೀನಿ. ಈ ಬಟ್ಟಲು, ಈ ಎಲೆ ಎಲ್ಲ ಈಗಲೇ ತೆಗೀತೀನಿ."

ಅವಳ ಕೈ ಪೀಠದ ಬಟ್ಟಲಿನ ಕಡೆ ಹೋಗಿತ್ತು. ಅಜ್ಜಿ ಎದ್ದು ಅವಳ ಮಣಿಕಟ್ಟು ಹಿಡಿದಳು.

ಹೊರಗೆ ಖಿಯೆಮ್ ಬಾವುಟ ಹಿಡಿದು ನಿಂತಿದ್ದ. ಮುಂದಿನ ಅಂಗಡಿಯ ಎಳನೀರ ಪಾಯಸಕ್ಕೆ ಹೊತ್ತಾಗುತ್ತಿದ್ದರೂ ಅದನ್ನು ಎತ್ತಲಿಲ್ಲ.

"ಬೇಡ ಮೂಯಿ," ಎಂದಳು ಅಜ್ಜಿ. "ಪೂಜೆ ಬೇಡ. ನನಗೆ ಯಾವ ದೋಷಾನೂ ತಟ್ಟಿಲ್ಲ, ನೋಡು, ಹಲ್ಲೂ ಗಟ್ಟಿಯಾಗಿದಾವೆ. ನೀನು ಇಟ್ಟಿದ್ದನ್ನೆಲ್ಲ ಸ್ವಾನ್ ಉಂಡಿದಾಳೆ. ಅವಳಿಗೆ ಬೇರೆ ಯಾರೂ ಬಡಿಸೋರಿಲ್ಲ. ಬಟ್ಟಲು ಅಲ್ಲೇ ಇರಲಿ."

ಆಮೇಲೆ ಕತ್ತೆತ್ತಿ ಬಟ್ಟಲನ್ನು ಒಮ್ಮೆ ನೋಡಿ ಸೇರಿಸಿದಳು, "ಅವಳಿಗೆ ಈರುಳ್ಳಿ ಸೊಪ್ಪು ಅಂದ್ರೆ ಪ್ರಾಣ. ನಾಳೆಯಿಂದ ಹಾಕಿಡು."